ನಾಲೆಯ ಕೊನೆಯೂರಿನ ಚಿಕ್ಕಬೀರಮ್ಮ

ಸಾಲಿಗ್ರಾಮದ ಕಡೆಯಿಂದ ಬರುವ ಹಳೆಯ ನಾಲೆ ಮಾಳಿಗೆಹಳ್ಳಿ ದಾಟಿದ ಮೇಲೆ ಸಣ್ಣದಾಗುತ್ತದೆ. ಅಣೆಕಟ್ಟೆಯ ಹತ್ತಿರ ಎಮ್ಮೆ ಮುಳುಗುವಷ್ಟು ಆಳವಿರುವ ನೀರು ಇಲ್ಲಿಗೆ ಬರುವ ಹೊತ್ತಿಗೆ ಮೊಣಕಾಲಿಗೂ ಸಾಲದು. ಅದು ಎಳ್ಳುಕೊಪ್ಪಲಿನ ಹಿತ್ತಿಲುಗಳ ಹಿಂದೆ ನುಸುಳಿ, ಕೊನೆಯ ಗದ್ದೆಗಳಿಗೆ ಹಂಚಿಹೋಗಿ, ಮಿಕ್ಕಿದ್ದು ಹಳ್ಳಕ್ಕೆ ಬೀಳುತ್ತದೆ. ಆ ಕೊನೆಯ ಗದ್ದೆಗಳಲ್ಲಿ ಒಂದು ಚಿಕ್ಕಬೀರಮ್ಮನದು.

ಅವಳು ಹುಟ್ಟಿದ್ದು ಭೇರ್ಯದ ಮೇಲುಗಡೆ, ಬೆದ್ದಲು ಹೊಲದ ಊರಿನಲ್ಲಿ. ರಾಗಿ, ಹುರುಳಿ, ಅವರೆ ಬಿಟ್ಟು ಬೇರೆ ಬೆಳೆ ಕಂಡ ಮನೆಯಲ್ಲ ಅದು. ಮದುವೆಯಾಗಿ ಕೊಪ್ಪಲಿಗೆ ಬಂದ ಹೊಸತರಲ್ಲಿ ಗದ್ದೆಯ ಕೆಸರಿಗೆ ಕಾಲಿಡಲು ಹೆದರಿ ಬದುವಿನ ಮೇಲೇ ನಿಂತಿರುತ್ತಿದ್ದಳು. ಅತ್ತೆ ರಾಚಮ್ಮ ಕೈ ಹಿಡಿದು ಕೆಳಗೆಳೆದು, "ನುಂಗಾಕಿಲ್ಲ ಬಾರೆ. ನಿಮ್ಮಪ್ಪನ ಮನೇಲಿ ಮಳೆ ದಾರಿ ಕಾದಿದ್ದು ಸಾಕು. ಇಲ್ಲಿ ನೀರು ತಾನೇ ಮನೆ ಬಾಗ್ಲಿಗೆ ಬತ್ತದೆ" ಎಂದಿದ್ದಳು.

ನೀರು ತಾನೇ ಬರುವುದಿಲ್ಲ, ಅದನ್ನು ಕರೆತರಬೇಕು ಎಂಬುದನ್ನು ಚಿಕ್ಕಬೀರಮ್ಮ ಆಮೇಲೆ ಕಲಿತಳು. ಬೇಸಿಗೆಯಲ್ಲಿ ಮನೆಗೊಬ್ಬರಂತೆ ಸನಿಕೆ ಹಿಡಿದು ಹೋಗಿ ನಾಲೆಯ ಹೂಳು ತೆಗೆಯಬೇಕು. ಏರಿಯಲ್ಲಿ ಏಡಿ ತೂತು ಮಾಡಿದ್ದರೆ ಹುಡುಕಿ ಜೇಡಿಮಣ್ಣು ತುಂಬಬೇಕು. ಹೊಳೆಯಿಂದ ನೀರು ಬಿಟ್ಟ ಮೇಲೆ ಸರದಿ ಕಾಯಬೇಕು. ಆ ನಾಲೆಯಲ್ಲಿ ಸರದಿಗೆ ಒಂದು ಕಟ್ಟಳೆ. ವರ್ಷದ ಮೊದಲ ನೀರು ಯಾವ ಊರಿನ ತೂಬಿಗೂ ನುಗ್ಗದೆ ನೇರ ಕೊನೆಯ ಊರಿಗೆ ಹೋಗಬೇಕು. ಕೊನೆಯವರ ಒಟ್ಲು ನೆಂದ ಮೇಲೆ ಅದರ ಮೇಲಿನ ಊರು, ಆಮೇಲೆ ಅದರ ಮೇಲಿನದು. ಹೀಗೆ ಬಾಲದಿಂದ ತಲೆಯ ಕಡೆಗೆ. ಮೊದಲು ಮೇಲಿನವರು ಕೈ ಹಾಕಿದರೆ ಕೊನೆಯವರ ಪಾಲಿಗೆ ಬರೀ ಒದ್ದೆ ಮಣ್ಣು ಉಳಿಯುತ್ತದೆ ಎಂದು ಹಿಂದಿನವರು ಕಂಡುಕೊಂಡಿದ್ದರು. ಭತ್ತದ ಸಸಿ ಬೆಳೆಸುವ ಸಣ್ಣ ಮಡಿಗೆ ಆ ಕಡೆ ಒಟ್ಲು ಅನ್ನುತ್ತಾರೆ. ಒಟ್ಲು ಸತ್ತರೆ ನಾಟಿಯಿಲ್ಲ, ನಾಟಿಯಿಲ್ಲದಿದ್ದರೆ ಆ ವರ್ಷವೇ ಇಲ್ಲ.

ಗಂಡ ಚಿಕ್ಕಣ್ಣ ಮತ್ತು ಅವನ ಅಣ್ಣ ಮಂಟಯ್ಯ ಪಾಲಾದಾಗ ಹಿತ್ತಿಲಿನ ಹೆಚ್ಚುಭಾಗ ಅಣ್ಣನಿಗೆ ಹೋಯಿತು. ಚಿಕ್ಕಣ್ಣನಿಗೆ ದನ ಕಟ್ಟಲು ಜಾಗವಿರಲಿಲ್ಲ. ಹಿತ್ತಿಲಿನ ಹಿಂದೆ ನಾಲೆ ಹರಿಯುತ್ತಿತ್ತಲ್ಲ, ಅದರ ಮೇಲೆ ಅಗಲವಾದ ಕಲ್ಲು ಚಪ್ಪಡಿ ಹಾಸಿ, ಮೇಲೆ ಕೊಟ್ಟಿಗೆ ಕಟ್ಟಿದ. ನೀರು ಕೆಳಗೆ, ದನ ಮೇಲೆ. ಚಪ್ಪಡಿಯ ಒಂದು ತುದಿಯನ್ನು ಅವನು, ಇನ್ನೊಂದು ತುದಿಯನ್ನು ಬಸುರಿ ಹೆಂಡತಿ ಹಿಡಿದು ಕೂರಿಸಿದ್ದರು. ಅದನ್ನು ನೋಡಿ ಮಂಟಯ್ಯನೂ ಚಪ್ಪಡಿ ಹಾಸಿ ತನ್ನ ಎಮ್ಮೆಗಳನ್ನು ನಾಲೆಯ ಮೇಲೆ ತಂದ, ಪಕ್ಕದಲ್ಲೇ ಹುಲ್ಲುಮೆದೆ ಒಟ್ಟಿದ. ಅವನದು ಮೇಲುಗಡೆ, ಚಿಕ್ಕಣ್ಣನದು ಕೆಳಗಡೆ. ಕೆಲವೇ ವರ್ಷಗಳಲ್ಲಿ ಕೊಪ್ಪಲಿನವರೆಲ್ಲ ಹಾಗೇ ಮಾಡಿದರು. ಹೊರಗಿನಿಂದ ಬಂದವರಿಗೆ ಅಲ್ಲೊಂದು ನಾಲೆ ಇದೆಯೆಂದೇ ತಿಳಿಯುತ್ತಿರಲಿಲ್ಲ.

ಚಿಕ್ಕಣ್ಣ ಎದೆನೋವು ಅಂದು ಮಲಗಿದವನು ಏಳಲಿಲ್ಲ. ಆಮೇಲೆ ಗದ್ದೆ ಚಿಕ್ಕಬೀರಮ್ಮನ ಕೈಗೆ ಬಂತು. ಮಗ ಮಾದೇಶ ಬಿಳಿಕೆರೆಯಲ್ಲಿ ಟೈರ್ ಅಂಗಡಿಗೆ ಸೇರಿಕೊಂಡಿದ್ದ. ಸೊಸೆ ಪ್ರಮೀಳಾ ಅತ್ತೆಯ ಜೊತೆ ನಿಂತಳು. ಉತ್ತು ಹದ ಮಾಡಲು ಬಾಡಿಗೆ ಟಿಲ್ಲರ್ ಕರೆಸುತ್ತಿದ್ದರು. ನೀರು ಕಟ್ಟುವುದನ್ನು ಮಾತ್ರ ಚಿಕ್ಕಬೀರಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಸೀರೆ ಮೇಲೆ ಕಟ್ಟಿ, ಸನಿಕೆ ಹೆಗಲಿಗೇರಿಸಿ ಅವಳು ಏರಿಯ ಮೇಲೆ ಬರುತ್ತಿದ್ದರೆ ಮಾಳಿಗೆಹಳ್ಳಿಯ ಗಂಡಸರು, "ಬಂತು ಕಣ್ರೋ ಕೊಪ್ಪಲಿನ ಇಂಜಿನಿಯರು" ಎಂದು ನಗುತ್ತಿದ್ದರು. ಅವಳು ನಿಲ್ಲದೆ, "ನಗ್ರಪ್ಪ, ನಗ್ರಿ. ನಗಾಕೆ ನೀರು ಬೇಡ" ಎಂದು ಮುಂದೆ ಹೋಗುತ್ತಿದ್ದಳು.

ಹೀಗಿರುವಾಗ ಸಾಲಿಗ್ರಾಮದ ಹತ್ತಿರ ಪಾಳುಬಿದ್ದಿದ್ದ ಒಂದು ಹಳೆಯ ಬಂಗಲೆಯನ್ನು ಯಾರೋ ನಾಲ್ಕು ಜನ ಮೇಷ್ಟರುಗಳು ಸೇರಿ ರಿಪೇರಿ ಮಾಡಿ ನಾಲೆ ಮ್ಯೂಸಿಯಂ ಮಾಡಿದರು. ಅದನ್ನು ನಡೆಸಲು ಮೈಸೂರಿನಲ್ಲಿ ಓದಿದ್ದ ಪವಿತ್ರಾ ಎಂಬ ಹುಡುಗಿ ಬಂದಳು. ಶನಿವಾರ ಬಂತೆಂದರೆ ಶಾಲೆಯ ಮಕ್ಕಳು ಅಲ್ಲಿ ತುಂಬಿರುತ್ತಿದ್ದರು. ಮಕ್ಕಳು ಸುಣ್ಣ ಮರಳು ಬೆಲ್ಲದ ನೀರು ಹಾಕಿ ಗಾರೆ ಅರೆಯುತ್ತಿದ್ದರು. ಕಲ್ಲುಗಳನ್ನು ತೊಟ್ಟಿಯಲ್ಲಿ ಅಡ್ಡ ಜೋಡಿಸಿ ಒಮ್ಮೆ, ಓರೆಯಾಗಿ ಜೋಡಿಸಿ ಒಮ್ಮೆ ನೀರು ಬಿಟ್ಟು, ಯಾವ ಕಟ್ಟೆ ನಿಂತಿತು ಯಾವುದು ಕೊಚ್ಚಿಹೋಯಿತು ಎಂದು ನೋಡುತ್ತಿದ್ದರು. ಉದ್ದನೆಯ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿದು ನೆಲದ ಮಟ್ಟ ಅಳೆಯುತ್ತಿದ್ದರು. ಅಂಗಳದಲ್ಲಿ ಇಡೀ ನಾಲೆಯನ್ನೇ ಸಿಮೆಂಟಿನಲ್ಲಿ ಸಣ್ಣದಾಗಿ ಮಾಡಿ, ನಿಜವಾದ ನೀರು ಹರಿಸಿ ತೋರಿಸಬೇಕೆಂಬುದು ಪವಿತ್ರಾಳ ಆಸೆ. ಅದಕ್ಕಾಗಿ ಅವಳು ಹೋದ ಬೇಸಿಗೆಯಲ್ಲಿ ಇಬ್ಬರು ಹುಡುಗರ ಜೊತೆ ನಾಲೆಯುದ್ದಕ್ಕೂ ನಡೆದು, ಟೇಪು ಹಿಡಿದು ಅಳೆದುಕೊಂಡು ಎಳ್ಳುಕೊಪ್ಪಲಿಗೂ ಬಂದಳು.

ಅದೇ ಬೇಸಿಗೆಯಲ್ಲಿ ಪಕ್ಕದ ಊರಿನ ಕೆರೆ ಒತ್ತುವರಿ ಅಳೆಯಲು ಬಂದವರೂ ಟೇಪು ಹಿಡಿದೇ ಬಂದಿದ್ದರು. ಅವರ ಹಿಂದೆಯೇ ಜೆಸಿಬಿ ಬಂದು ಕೊಟ್ಟಿಗೆಗಳನ್ನು ನೆಲಸಮ ಮಾಡಿತ್ತು. ಕೊಪ್ಪಲಿನವರಿಗೆ ಇಬ್ಬರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೊಂಗೆಮರದ ಕೆಳಗೆ ಕೂತಿದ್ದ ಮಂಟಯ್ಯ ಎದ್ದು ಬಂದು ಬಲು ಮರ್ಯಾದೆಯಿಂದ ಮಾತಾಡಿದ.

"ನಾಲೆನಾ? ನಾಲೆ ಮಾಳಿಗೆಹಳ್ಳಿಗೇ ಮುಗ್ದೋಯ್ತದೆ ಕಣವ್ವ. ಇದು ಮಳೆನೀರು ಓಗೋ ಮೋರಿ."

"ಈ ಕಲ್ಲುಗಳು?"

"ಬಟ್ಟೆ ಒಗೆಯೋವು. ನಮ್ಮ ತಾತನ ಕಾಲ್ದವು. ಬಿಸ್ಲು ಜಾಸ್ತಿ ಆಯ್ತು, ಬನ್ನಿ, ವಸಿ ಮಜ್ಜಿಗೆ ಕುಡೀರಿ."

ಮಜ್ಜಿಗೆ ತಂದುಕೊಟ್ಟವಳು ಚಿಕ್ಕಬೀರಮ್ಮ. ಹುಡುಗಿ ಬರೆದುಕೊಳ್ಳುವುದನ್ನು ನೋಡಿದಾಗ ಅವಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ತನ್ನ ಕೊಟ್ಟಿಗೆಯೂ ಆ ಕಲ್ಲುಗಳ ಮೇಲೇ ಇರುವುದು ನೆನಪಾಗಿ ಮಾತನ್ನು ನುಂಗಿ, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಈ ವರ್ಷ ಆಷಾಢದಲ್ಲಿ ಹೊಳೆ ತುಂಬಿ ನಾಲೆಗೆ ನೀರು ಬಿಟ್ಟರು. ಮುಂಗಾರಿನ ಎರಡು ಹದ ಮಳೆ ನಂಬಿ ಚಿಕ್ಕಬೀರಮ್ಮ ಒಟ್ಲು ಹಾಕಿಯಾಗಿತ್ತು. ಸಸಿ ಬೆರಳುದ್ದ ಎದ್ದು ಹಸಿರಾಗಿ ನಿಂತಿತ್ತು. ಮಳೆ ನಿಂತಿತು. ನಾಲೆಯ ನೀರು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದರೂ ಬರಲಿಲ್ಲ. ಪ್ರಮೀಳಾ ನಲ್ಲಿಯಿಂದ ಬಿಂದಿಗೆ ಹೊತ್ತು ತಂದು ಒಟ್ಲಿಗೆ ಚಿಮುಕಿಸಿದಳು. ಮಡಿಯ ಮಣ್ಣು ಅದನ್ನು ಕುಡಿದು ಮತ್ತೆ ಬಾಯಿಬಿಟ್ಟಿತು. ಚಿಕ್ಕಬೀರಮ್ಮ ಸನಿಕೆ ಎತ್ತಿಕೊಂಡು ಏರಿಗುಂಟ ಮೇಲಕ್ಕೆ ನಡೆದಳು.

ಮಾಳಿಗೆಹಳ್ಳಿಯ ಕೆಳತೂಬಿನಲ್ಲಿ ಹಲಗೆ ಇಳಿಸಿ, ಸಂದಿಗೆ ಹಸಿಮಣ್ಣು ಮೆತ್ತಿದ್ದರು. ಹಲಗೆಯ ಮೇಲುಗಡೆ ನಾಲೆ ತುಂಬಿ ಮಾಳಿಗೆಹಳ್ಳಿಯ ಗದ್ದೆಗಳಿಗೆ ಹರಿಯುತ್ತಿತ್ತು. ಕೆಳಗಡೆ ಕಪ್ಪೆ ಕೂರಲೂ ತೇವವಿರಲಿಲ್ಲ. ಆ ಊರಿನ ನೀರು ಸಂಘದ ಅಧ್ಯಕ್ಷ ಚೆಲುವರಾಜು ಬೈಕಿನ ಮೇಲೆ ಕೂತು ನೀರುಗಂಟಿ ಲಿಂಗಯ್ಯನ ಜೊತೆ ಹರಟುತ್ತಿದ್ದ.

"ಯಾಕ್ಲಾ ಚೆಲುವ, ಹಲಗೆ ಇಳಿಸ್ಬುಟ್ಟಿದ್ದೀರಿ? ಮೊದ್ಲ ಸರದಿ ಕೊನೆಯೂರ್ದು."

"ಹೌದು ದೊಡ್ಡವ್ವ. ಅದಕ್ಕೇ ನಾವು ಕಟ್ಕತಾ ಇರೋದು."

"ನಿಮ್ಮೂರು ಯಾವತ್ತು ಕೊನೆಯೂರಾಯ್ತು?"

ಚೆಲುವರಾಜು ಜೇಬಿನಿಂದ ಫೋನು ತೆಗೆದು ಒಂದು ಫೋಟೋ ತೋರಿಸಿದ. ಮ್ಯೂಸಿಯಂ ಅಂಗಳದ ಸಿಮೆಂಟು ನಾಲೆ. ಊರೂರಿಗೆ ಒಂದೊಂದು ಬಣ್ಣದ ಹಲಗೆ, ಹೆಸರು. ಕೊನೆಯದು ಮಾಳಿಗೆಹಳ್ಳಿ.

"ನೋಡ್ಕೊ. ಓದ್ದೋರು ಅಳೆದು ಮಾಡಿರೋದು. ನಿಮ್ಮೂರವರೇ ಏಳವ್ರಂತೆ, ನಮ್ಮೂರ್ಗೆ ನಾಲೆ ಇಲ್ಲ, ಮೋರಿ ಅಂತ. ಮೋರಿಗೆ ಸರದಿ ಕೊಡೋ ಪದ್ಧತಿ ನಮ್ಮಲ್ಲಿಲ್ಲ ಕಣವ್ವ."

ಚಿಕ್ಕಬೀರಮ್ಮ ಲಿಂಗಯ್ಯನ ಕಡೆ ತಿರುಗಿದಳು. "ನೀನೇಳಪ್ಪ. ವರ್ಷೊಂಬತ್ತು ಕಾಲ ನಮ್ಮೂರ ತಂಕ ನೀರ್ ಹಿಂದೆ ನಡ್ಕಂಡ್ ಬಂದೋನು ನೀನು."

ಲಿಂಗಯ್ಯ ಬೀಡಿಯ ತುದಿ ನೋಡುತ್ತಾ, "ಸಂಘ ಎತ್ತು ಅಂದ್ರೆ ಎತ್ತೀನಿ, ಇಳಿಸು ಅಂದ್ರೆ ಇಳಿಸ್ತೀನಿ. ನನ್ನ ಯಾಕವ್ವ ಮಧ್ಯಕ್ಕೆಳೀತೀಯ" ಎಂದ.

ಕೊಪ್ಪಲಿಗೆ ಬಂದು ಅವಳು ಹೊಂಗೆಮರದ ಕೆಳಗೆ ಎಲ್ಲರನ್ನೂ ಸೇರಿಸಿದಳು. ಮ್ಯೂಸಿಯಂಗೆ ಹೋಗಿ, ನಾಲೆ ನಮ್ಮೂರಿಗೂ ಬರುತ್ತದೆ, ಅವತ್ತು ಸುಳ್ಳು ಹೇಳಿದೆವು ಎಂದು ಒಪ್ಪಿಕೊಂಡು ಬರೋಣ ಎಂದಳು. ಮಂಟಯ್ಯನೇ ಮೊದಲು ಮಾತಾಡಿದ.

"ಒಪ್ಕಂಡ ಮಾರ್ನೆ ದಿನ ಜೆಸಿಬಿ ಬಂದು ನಿಂತ್ಕತ್ತದೆ. ನಿಂದೊಂದು ಒಟ್ಲಿಗೋಸ್ಕರ ಊರೋರ ಕೊಟ್ಟಿಗೆ ಎಲ್ಲ ಕೆಡವುಸ್ತೀಯಾ? ನಾವು ಬೋರ್ ಇರೋರ ತಾವ ನೀರು ಕೇಳ್ಕತ್ತೀವಿ. ನೀನೂ ಕೇಳ್ಕ."

"ನಾಲೇಲಿ ನಂದೇ ನೀರಿರೋವಾಗ ಬೋರಿನೋರ ಬಾಗ್ಲಲ್ಲಿ ಯಾಕ್ ನಿಂತ್ಕಳ್ಳಿ, ಬಾವ?"

"ಬಾಯಿ ಬುಟ್ಟೀಯ ಬೀರಿ, ನೋಡು. ನಿನ್ ಕೊಟ್ಟಿಗೇನೇ ಮೊದ್ಲು ಓಗೋದು."

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಅದನ್ನು ಅವನು ಹೆದರಿಸಲು ಆಡಿದ್ದ. ಅವಳಿಗೆ ಅದರಲ್ಲೇ ದಾರಿ ಕಂಡಿತು. ಕೊಟ್ಟಿಗೆ ಇರುವ ತನಕ ತಾನೇ ಬಾಯಿಗೆ ಬೀಗ?

ಬೆಳಗ್ಗೆ ಎದ್ದು ಹಸು ಕರುವನ್ನು ಬೇವಿನಮರಕ್ಕೆ ಕಟ್ಟಿದಳು. ಪ್ರಮೀಳಾ ಏಣಿ ಹಿಡಿದಳು. ಚಿಕ್ಕಬೀರಮ್ಮ ಮೇಲೆ ಹತ್ತಿ ಹೆಂಚು ಇಳಿಸತೊಡಗಿದಳು. ಶಬ್ದ ಕೇಳಿ ಮಂಟಯ್ಯ ಬಾಯಿಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ ಓಡಿಬಂದ.

"ಏನೇ ಮಾಡ್ತಿದ್ದೀಯ?"

"ಕೊಟ್ಟಿಗೆ ಕೀಳ್ತಿದ್ದೀನಿ."

"ತಲೆ ನೆಟ್ಟಗದಾ?"

"ಈಗ ನೆಟ್ಟಗಾಗದೆ. ವಸಿ ಅತ್ಲಾಗ್ ನಿಂತ್ಕೊ ಬಾವ, ಹೆಂಚು ಬಿದ್ದಾತು."

"ನನ್ ತಮ್ಮ ಕಟ್ಟಿದ್ ಕೊಟ್ಟಿಗೆ ಕಣೆ ಅದು."

"ಅರ್ಧ ಅವನು ಕಟ್ಟಿದ್ದು, ಅರ್ಧ ನಾನು. ಹಿತ್ಲಲ್ಲಿ ವಸಿ ಜಾಗ ಬುಟ್ಟಿದ್ರೆ ನಾಲೆ ಮೇಲೆ ಕಟ್ತಾನೇ ಇರ್ಲಿಲ್ಲ, ನಿನ್ ತಮ್ಮ."

ಮಂಟಯ್ಯ ಕಡ್ಡಿ ಉಗಿದು ಹಿಂದಿರುಗಿದ. ಊಟದ ಹೊತ್ತಿಗೆ ಗೋಡೆ ನೆಲಕ್ಕೆ ಬಂತು. ಅತ್ತೆ ಸೊಸೆ ಹಾರೆ ಕೊಟ್ಟು ಒಂದೊಂದೇ ಚಪ್ಪಡಿಯನ್ನು ಮೀಟಿ ಪಕ್ಕಕ್ಕೆ ಉರುಳಿಸಿದರು. ಕೆಳಗೆ ಬಿಸಿಲು ಕಾಣದ ನಾಲೆ. ಎರಡೂ ಬದಿ ಗಾರೆ ಹಾಕಿ ಕಟ್ಟಿದ ಹಳೆಯ ಕಲ್ಲು, ಒಳಗೆ ಹೂಳು, ಅದರೊಳಗಿಂದ ಸಿಟ್ಟಿನಲ್ಲಿ ಎದ್ದುಬಂದ ಒಂದು ಗೋಂದ್ರುಕಪ್ಪೆ. ಹೂಳನ್ನು ಬಾಂಡಲಿಯಲ್ಲಿ ತುಂಬಿ ತುಂಬಿ ತಿಪ್ಪೆಗೆ ಹಾಕಿದರು. ಪ್ರಮೀಳಾ ಸೊಂಟ ಹಿಡಿದು ನಿಂತು, "ಅತ್ತೆ, ಈಗ ನಾಲೆ ಅದೆ, ಕೊಟ್ಟಿಗೆ ಇಲ್ಲ, ನೀರೂ ಇಲ್ಲ. ಮಳೆ ಬಂದ್ರೆ ಹಸೀನ ಎಲ್ಲಿ ಕಟ್ಟೋದು?" ಎಂದಳು.

"ನಡುಮನೇಲಿ. ನಿನ್ ಗಂಡ ಬಂದ್ರೆ ಆಚೆ ಮಲಿಕ್ಕಳ್ಳಿ."

ಆ ಭಾನುವಾರ ಮ್ಯೂಸಿಯಂನಲ್ಲಿ ನಾಲೆ ಹಬ್ಬವೆಂದು ಇಟ್ಟುಕೊಂಡಿದ್ದರು. ನಾಲೆಯ ಎಲ್ಲಾ ಊರುಗಳ ರೈತರಿಗೂ ಶಾಲೆ ಮಕ್ಕಳಿಗೂ ಕರೆ ಹೋಗಿತ್ತು. ಎಳ್ಳುಕೊಪ್ಪಲಿಗೆ ಹೋಗಿರಲಿಲ್ಲ. ಕರೆಯದಿದ್ದರೂ ಚಿಕ್ಕಬೀರಮ್ಮ ಸೊಸೆಯನ್ನು ಕರೆದುಕೊಂಡು ಆಟೋ ಹತ್ತಿದಳು.

ಅಂಗಳದಲ್ಲಿ ಜನ ಸುತ್ತುಗಟ್ಟಿ ನಿಂತಿದ್ದರು. ಪವಿತ್ರಾ ಮೇಲ್ಗಡೆಯ ನಲ್ಲಿ ತಿರುಗಿಸಿದಳು. ಸಿಮೆಂಟು ಹೊಳೆಯಲ್ಲಿ ನೀರು ಬಂದು, ಓರೆಯಾಗಿ ಕೂತ ಪುಟ್ಟ ಅಣೆಕಟ್ಟೆಗೆ ಮೈಯಿಟ್ಟು, ಒಂದು ಪಾಲು ನಾಲೆಗೆ ತಿರುಗಿತು. ಊರೂರಿನವರು ತಮ್ಮ ತಮ್ಮ ಬಣ್ಣದ ಹಲಗೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು. ಚಿಕ್ಕಬೀರಮ್ಮನಿಗೆ ಮೊದಲು ಸಿಟ್ಟು ಬರಲಿಲ್ಲ. ಇಷ್ಟು ವರ್ಷ ತುಂಡು ತುಂಡಾಗಿ ಕಂಡಿದ್ದ ನಾಲೆ ಒಂದೇ ನೋಟಕ್ಕೆ ಸಿಕ್ಕಿತ್ತು. ಗುಡ್ಡ ಬಂದಲ್ಲಿ ಹೇಗೆ ಬಳಸಿದೆ, ಹಳ್ಳ ಬಂದಲ್ಲಿ ಹೇಗೆ ಮೇಲೆ ಹಾದಿದೆ ಎಂದು ಬಾಯಿ ತೆರೆದು ನೋಡಿದಳು. ಕೆಲಸ ಚೆನ್ನಾಗಿತ್ತು. ನೀರು ಮಾಳಿಗೆಹಳ್ಳಿಯವರೆಗೂ ಬಂದು, ಅಲ್ಲಿ ಸಿಮೆಂಟು ಮುಗಿದು, ಕೆಳಗಿಟ್ಟಿದ್ದ ಒಂದು ನೀಲಿ ಬಕೆಟ್ಟಿಗೆ ಸುರಿಯತೊಡಗಿತು. ಬಕೆಟ್ಟು ತುಂಬಿ ನೀರು ಅಂಗಳದಲ್ಲೆಲ್ಲ ಹರಿಯಿತು, ಮಕ್ಕಳು ಕಾಲು ಎತ್ತಿಕೊಂಡು ನಕ್ಕರು.

ಚಿಕ್ಕಬೀರಮ್ಮ ಮುಂದೆ ಹೋಗಿ ಆ ಬಕೆಟ್ಟಿನ ಕಂಠ ಹಿಡಿದು ನಿಂತಳು.

"ಇದ್ಯಾವೂರವ್ವ?"

ಪವಿತ್ರಾ ಅರ್ಥವಾಗದೆ ನೋಡಿದಳು. ಚೆಲುವರಾಜು ತನ್ನ ಹಲಗೆಯ ಹತ್ತಿರದಿಂದಲೇ, "ಅದು ಬಕೆಟ್ಟು ಕಣ್ ದೊಡ್ಡವ್ವ" ಎಂದ. ಜನ ನಕ್ಕರು.

"ಅಲ್ಲ ಕಣಪ್ಪ. ಇದು ನಮ್ಮೂರು. ಎಳ್ಳುಕೊಪ್ಪಲು. ನಮ್ಮೂರಿರೋ ಜಾಗದಲ್ಲಿ ಬಕೆಟ್ ಮಡಗವ್ರೆ."

ಪವಿತ್ರಾ ಅವಳ ಮುಖ ನೋಡಿ ಗುರುತು ಹಿಡಿದಳು. "ಅಮ್ಮ, ನಾವು ಅಲ್ಲಿಗೂ ಬಂದಿದ್ವಿ. ನೀವೇ ಮಜ್ಜಿಗೆ ಕೊಟ್ರಿ. ನಿಮ್ಮೂರವರೇ ನಾಲೆ ಇಲ್ಲ ಅಂದ್ರು."

"ಹೂಂ, ಅಂದ್ರು. ಸುಳ್ಳು ಏಳುದ್ರು. ನಾನೂ ಅಲ್ಲೇ ನಿಂತ್ಕಂಡು ಸುಮ್ಕಿದ್ದೆ. ನಾಲೆ ಮೇಲೆ ಚಪ್ಪಡಿ ಆಸಿ ಕೊಟ್ಟಿಗೆ ಕಟ್ಕಂಡಿದ್ವಿ, ಕಿತ್ತಾಕ್ತಾರೆ ಅಂತ ಭಯ."

"ನೋಡುದ್ರಾ," ಎಂದ ಚೆಲುವರಾಜು ಸುತ್ತಲಿನವರಿಗೆ. "ಒತ್ತುವರಿ ಮಾಡಿರೋರು ಬಂದು ಸರದಿ ಕೇಳ್ತವ್ರೆ."

"ಮಾಡಿದ್ದೆ. ಕಿತ್ತಾಕಿವ್ನಿ. ಬಂದು ನೋಡು."

ಪವಿತ್ರಾ ಬಳಿಗೆ ಬಂದು ಮೆಲ್ಲಗೆ ಮಾತಾಡಿದಳು. ಸಿಮೆಂಟು ನಾಲೆಯನ್ನು ಒಡೆದು ಮುಂದುವರಿಸಲು ಮ್ಯೂಸಿಯಂ ಮಾಡಿದ ಮೇಷ್ಟರುಗಳು ಒಪ್ಪಬೇಕು, ಮತ್ತೆ ಅಳತೆಯಾಗಬೇಕು, ಮುಂದಿನ ವರ್ಷದ ಹಬ್ಬಕ್ಕೆ ಖಂಡಿತ ಮಾಡಿಸುತ್ತೇನೆ ಎಂದಳು. ಹುಡುಗಿಯ ಕಣ್ಣಿನಲ್ಲಿ ಮೋಸವಿರಲಿಲ್ಲ.

"ನೀನು ನಿಧಾನಕ್ಕೆ ಮಾಡಿಸವ್ವ, ನಂಗೇನೂ ಆತ್ರ ಇಲ್ಲ," ಎಂದಳು ಚಿಕ್ಕಬೀರಮ್ಮ. "ಒಟ್ಲಿಗೆ ಆತ್ರ. ಅದು ಮುಂದಿನ್ ವರ್ಷದ್ ಗಂಟ ಕಾಯಾಕಿಲ್ಲ. ಮಧ್ಯಾಹ್ನ ನೀವೆಲ್ಲ ನಾಲೆ ಮೇಲೆ ನಡೀತೀರಂತಲ್ಲ, ಎಲ್ಲಿಗಂಟ ನಡೀತೀರಿ?"

"ಮಾಳಿಗೆಹಳ್ಳಿ ತೂಬಿನವರೆಗೆ."

"ಅಲ್ಲಿಂದ ವಸಿ ಮುಂದ್ಕೂ ನಡೀರಿ. ನಾಲೆ ಇದ್ರೆ ನೀರು ನಿಮ್ ಜೊತೇಲಿ ಬತ್ತದೆ. ಇಲ್ದಿದ್ರೆ ನಿಂತೋಯ್ತದೆ."

ಊಟವಾದ ಮೇಲೆ ಶಾಲೆಯ ಬಸ್ಸಿನಲ್ಲಿ ಬಂದು ಮಾಳಿಗೆಹಳ್ಳಿಯ ಮೇಲ್ಗಡೆ ಇಳಿದು, ಎಲ್ಲರೂ ಏರಿಯ ಮೇಲೆ ನಡೆದು ಕೆಳತೂಬಿನ ಹತ್ತಿರ ಬಂದರು. ಚೆಲುವರಾಜು ಬೈಕಿನಲ್ಲಿ ಮೊದಲೇ ಬಂದು ಇಳಿಸಿದ ಹಲಗೆಯ ಮೇಲೆ ಕಾಲಿಟ್ಟು ನಿಂತಿದ್ದ. ಚಿಕ್ಕಬೀರಮ್ಮ ಯಾರನ್ನೂ ಕೇಳದೆ, ಅಲ್ಲೇ ಕೂತಿದ್ದ ಲಿಂಗಯ್ಯನ ಸನಿಕೆ ಎತ್ತಿಕೊಂಡು ಕೆಳಗಡೆಯ ಒಣಗಿದ ನಾಲೆಗೆ ಇಳಿದು ಹಲಗೆಯ ಸಂದಿಯ ಮಣ್ಣನ್ನು ಕೆರೆಯತೊಡಗಿದಳು.

"ದೊಡ್ಡವ್ವ, ಮೇಲಕ್ ಬಾ. ವಯಸ್ಸಾದೋಳು."

"ನೀನ್ ನಿಂತ್ಕೊ. ನಾನೂ ಇಲ್ಲೇ ಇರ್ತೀನಿ. ನಿನ್ ಕಾಲು ನೋಯ್ಬೇಕು, ಇಲ್ಲ ನನ್ ಕೈ ನೋಯ್ಬೇಕು."

"ಎತ್ತಿದ್ರೂ ನಿಮ್ಮೂರು ತಲುಪಾಕಿಲ್ಲ ಕಣೆ. ಹೂಳು ತುಂಬ್ಕಂಡದೆ."

"ತಲುಪದಿದ್ರೆ ಇನ್ಯಾವ ವರ್ಷವೂ ಈ ತೂಬಿನ ತಾವ ಬಂದು ಸರದಿ ಕೇಳಾಕಿಲ್ಲ. ಇಷ್ಟು ಜನದ ಮುಂದೆ ಏಳ್ತಿವ್ನಿ. ತಲುಪಿದ್ರೆ ನೀನೇನ್ ಏಳ್ತೀಯ?"

ಮೇಲೂರಿನಿಂದ ಬಂದಿದ್ದ ಯಶೋದಮ್ಮ ಎಂಬ ಮುದುಕಿ ಏರಿಯ ಮೇಲೆ ಕೂತವಳು ಬಾಯಿ ಹಾಕಿದಳು. "ಬುಟ್ ನೋಡ್ರಪ್ಪ. ಕೊನೆಯೋರ್ಗೆ ಮೊದ್ಲು ಅನ್ನೋ ಕಟ್ಳೆ ಇಲ್ಲಿ ಮುರುದ್ರೆ ನಾಳೆ ನಮ್ಮೂರ್ಗೂ ಅದೇ ಗತಿ. ನೀನ್ ಇಳಿಯಪ್ಪ ಹಲಗೆಯಿಂದ." ಉಳಿದ ಊರಿನವರೂ ಹೂಂಗುಟ್ಟಿದರು. ಚೆಲುವರಾಜು ಇಳಿದ. ಲಿಂಗಯ್ಯ ಬೀಡಿ ಎಸೆದು ಕೈ ಹಾಕುವಷ್ಟರಲ್ಲಿ ಚಿಕ್ಕಬೀರಮ್ಮನೇ ಹಲಗೆ ಮೀಟಿದ್ದಳು. ನೀರು ಅವಳ ಮೊಣಕಾಲಿಗೆ ಹೊಡೆದು ಮುಂದೆ ನುಗ್ಗಿತು.

ಒಣ ನಾಲೆಯಲ್ಲಿ ಮೊದಲ ನೀರು ಓಡುವುದಿಲ್ಲ. ಬಿರುಕು ಬಿರುಕಿಗೂ ಕುಡಿಸುತ್ತ, ಒಣಗಿದ ಎಲೆ, ಹುಲ್ಲು, ನೊರೆ ಎಲ್ಲವನ್ನೂ ಮುಂದಿಟ್ಟುಕೊಂಡು ತಳ್ಳುತ್ತ ಬರುತ್ತದೆ. ಮಕ್ಕಳು ಏರಿಯ ಮೇಲೆ ಅದರ ಜೊತೆಜೊತೆಗೇ ನಡೆದರು. ಒಮ್ಮೆ ಮಕ್ಕಳು ಮುಂದೆ, ಒಮ್ಮೆ ನೀರು ಮುಂದೆ. ಪವಿತ್ರಾ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಚಿಕ್ಕಬೀರಮ್ಮ ನಾಲೆಯೊಳಗೇ ನಡೆದು ಅಡ್ಡ ಬಂದ ಕಸವನ್ನು ಎಳೆದುಹಾಕುತ್ತಿದ್ದಳು. ಕೊಪ್ಪಲಿನ ಮೊದಲ ಮನೆಗಳ ಕೊಟ್ಟಿಗೆ ಬಂತು. ನೀರು ಚಪ್ಪಡಿಯ ಕೆಳಗೆ ಮಾಯವಾಗಿ ಆಚೆ ಹೊರಬಂತು. ಮಕ್ಕಳು ಕೂಗಿದರು. ಇನ್ನೊಂದು ಕೊಟ್ಟಿಗೆ, ಅಲ್ಲೂ ಹೊರಬಂತು. ಮಂಟಯ್ಯನ ಕೊಟ್ಟಿಗೆಯ ಕೆಳಗೆ ಹೋದ ನೀರು ಆಚೆ ಬರಲಿಲ್ಲ.

ಎಲ್ಲರೂ ಕಾದರು. ಆಚೆ ತುದಿಯಲ್ಲಿ, ಚಿಕ್ಕಬೀರಮ್ಮ ತೆರೆದು ತೊಳೆದಿಟ್ಟಂತಿದ್ದ ನಾಲೆ ಬಣಬಣ ಒಣಗಿತ್ತು. ಈಚೆ ತುದಿಯಲ್ಲಿ ನೀರು ಏರತೊಡಗಿತು.

"ನಿಂತೋಯ್ತು," ಎಂದ ಚೆಲುವರಾಜು. "ಮಾತು ಮಾತೇ, ದೊಡ್ಡವ್ವ."

ಚಿಕ್ಕಬೀರಮ್ಮ ಬಗ್ಗಿ ಚಪ್ಪಡಿಯ ಕೆಳಗೆ ಇಣುಕಿದಳು. ತನ್ನ ಕೊಟ್ಟಿಗೆಯ ಕೆಳಗಿನ ಹೂಳು ತೆಗೆದಿದ್ದಳೇ ಹೊರತು ಬಾವನ ಕೊಟ್ಟಿಗೆಯ ಕೆಳಗೆ ಏನಿದೆಯೆಂದು ಅವಳು ನೋಡಿರಲಿಲ್ಲ. ಹೋದ ವರ್ಷದ ನೀರು ನಿಂತ ಮೇಲೆ ಪಕ್ಕದ ಮೆದೆಯ ಹುಲ್ಲೆಲ್ಲ ಸಂದಿಯಲ್ಲಿ ಇಳಿದಿಳಿದು ಅಲ್ಲಿ ಬಿರಡೆಯಂತೆ ಕೂತಿತ್ತು. ಅವಳು ಓಡಿಹೋಗಿ ತನ್ನ ಮನೆಯ ಹಾರೆ ತಂದಳು. ಮಂಟಯ್ಯ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಚಪ್ಪಡಿ ಎತ್ತು ಬಾವ."

"ಎತ್ತಾಕಿಲ್ಲ. ಇದು ಬಟ್ಟೆ ಒಗೆಯೋ ಕಲ್ಲು."

"ಹಂಗಾದ್ರೆ ಒಕ್ಕಳ್ಳಣ ಬಾ, ನೀರು ಬಂದದೆ."

"ನನ್ ಕೊಟ್ಟಿಗೆ ಕಣೆ ಇದು."

"ಕೊಟ್ಟಿಗೆ ನಿಂದೇ. ಕೆಳಗಿರೋದು ನಿಂದಲ್ಲ."

ನೀರು ಏರಿ ಚಪ್ಪಡಿಯ ಸಂದಿಗಳಿಂದ ಜಿನುಗಿತು. ಗಂಜಲದ ಜೊತೆ ಸೇರಿ ಕೊಟ್ಟಿಗೆಯ ನೆಲದ ಮೇಲೆ ಹರಡಿತು. ಮಲಗಿದ್ದ ಎಮ್ಮೆ ಎದ್ದು ನಿಂತು ಬಾಲ ಬೀಸಿತು. ಒಳಗಿನಿಂದ ಮಂಟಯ್ಯನ ಹೆಂಡತಿಯ ದನಿ ಬಂತು. "ಒಲೆಗಂಟ ಬತ್ತಾ ಅದೆ ಕಣ್ರೀ. ಎತ್ತಿ ಸಾಯ್ರಿ ಆ ಕಲ್ಲ." ಮಂಟಯ್ಯ ಏರಿಯ ಮೇಲೆ ಸಾಲಾಗಿ ನಿಂತಿದ್ದ ಮಕ್ಕಳನ್ನು ನೋಡಿದ, ಮಜ್ಜಿಗೆ ಕುಡಿದು ಹೋಗಿದ್ದ ಹುಡುಗಿಯನ್ನು ನೋಡಿದ. ಅವಳು ತಲೆ ತಗ್ಗಿಸಿ ಚಪ್ಪಡಿಯ ಸಂದಿಯಲ್ಲಿ ಉಕ್ಕುವ ನೀರನ್ನೇ ನೋಡುತ್ತಿದ್ದಳು. ಅವನು ಚಿಕ್ಕಬೀರಮ್ಮನ ಕೈಯಿಂದ ಹಾರೆ ಕಸಿದುಕೊಂಡು, "ನಿಂಗೆ ಮೀಟಾಕ್ ಬರಾಕಿಲ್ಲ, ಅತ್ಲಾಗ್ ಓಗು" ಎಂದು ಮೊದಲ ಚಪ್ಪಡಿಗೆ ಕೊಟ್ಟ.

ಎರಡನೆಯದಕ್ಕೆ ಲಿಂಗಯ್ಯ ಕೈ ಹಾಕಿದ. ಚಿಕ್ಕಬೀರಮ್ಮ ತೊಡೆಮಟ್ಟ ಇಳಿದು, ಕೊಳೆತು ಕಪ್ಪಾದ ಹುಲ್ಲನ್ನು ತಬ್ಬಿ ತಬ್ಬಿ ಎಳೆದಳು. ಮೂರನೆಯ ತಬ್ಬಿಗೆ ಅದು ಕಿತ್ತುಬಂತು. ನೀರು ಅವಳನ್ನು ಪಕ್ಕಕ್ಕೆ ತಳ್ಳಿ ಹೊರಟಿತು. ಪ್ರಮೀಳಾ ಕೈ ಹಿಡಿದೆತ್ತುವಾಗ ಸೀರೆಯೆಲ್ಲ ಗಂಜಲ, ಕೆಸರು. ನೀರು ಅವಳ ಹಳೆಯ ಕೊಟ್ಟಿಗೆಯಿದ್ದ ಬಯಲಿನಲ್ಲಿ ಹಾದು, ತಿರುವಿನಲ್ಲಿ ಕಲ್ಲಿಗೆ ಒರಗಿ, ಗದ್ದೆಯ ಕಡೆ ಇಳಿಯಿತು.

ಒಟ್ಲಿನ ಮೇಲ್ಭಾಗದ ಸಸಿ ಆಗಲೇ ಹಳದಿಯಾಗಿ ಮಲಗಿತ್ತು. ಅದು ಇನ್ನು ಏಳದು ಎಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಮಿಕ್ಕಿದ್ದು ತುದಿ ಸುರುಟಿಕೊಂಡಿದ್ದರೂ ಬುಡದಲ್ಲಿ ಹಸಿರಿತ್ತು. ಅವಳು ಬದು ಕಡಿದಳು. ನೀರು ಮಡಿಯೊಳಗೆ ಹರಡುವಾಗ ಬಿರುಕುಗಳಿಂದ ಗುಳುಗುಳು ಗುಳ್ಳೆ ಎದ್ದವು. ಕೊಪ್ಪಲಿನವರು ದೂರದ ಬದುವಿನಲ್ಲೇ ನಿಂತಿದ್ದರು. ಒಬ್ಬಿಬ್ಬರು ಆಗಲೇ ತಮ್ಮ ಒಟ್ಲಿನ ಬಾಯಿ ತೆಗೆಯಲು ಸನಿಕೆ ತಂದಿದ್ದರು. "ತಕ್ಕಳ್ರಿ, ತಕ್ಕಳ್ರಿ," ಎಂದಳು ಅವಳು ಅವರ ಕಡೆ ನೋಡದೆ. "ನಾಳೆ ಯಾರಾರೂ ಬಂದು ಕೇಳುದ್ರೆ ಮೋರಿ ನೀರು ಅಂತ ಏಳ್ಬೇಡಿ. ನಾಲೆ ನೀರು ಅನ್ನಿ. ಕಿತ್ತಾಕ್ಲಿ, ಏನಾಯ್ತದೆ. ನಂದು ಕಿತ್ತೋಗದೆ, ಸತ್ತೋದ್ನಾ?"

ಚೆಲುವರಾಜು ಬದುವಿನ ಮೇಲೆ ಬಂದು ನಿಂತ. ಪ್ಯಾಂಟಿಗೆ ಮೊಣಕಾಲಿನ ತನಕ ಕೆಸರು ಹತ್ತಿತ್ತು.

"ಆಯ್ತಲ್ಲ. ಹೊತ್ತು ಮುಳುಗ್ತಿದ್ದಂಗೆ ನಮ್ ಹುಡುಗ್ರು ಹಲಗೆ ಇಳಿಸ್ತಾರೆ."

"ಒಟ್ಲು ನೆನೆಯೋ ಗಂಟ ಇಳಿಸಾಕಿಲ್ಲ."

"ಯಾವಾಗ ನೆನೀತದೆ ಅಂತ ಯಾರ್ ಏಳೋದು?"

ಚಿಕ್ಕಬೀರಮ್ಮ ಬಗ್ಗಿ, ಮಡಿಯ ಮಣ್ಣಿಗೆ ಬೆರಳು ಹೊಗಿಸಿ ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ನಾನ್ ಏಳ್ತೀನಿ. ನೆಂದ್ಮೇಲೆ ನಾನೇ ಬಂದು ಹಲಗೆ ಇಳಿಸ್ತೀನಿ, ನಿನ್ ಸರದಿ ನಿಂಗೆ ಬತ್ತದೆ. ಅಲ್ಲಿಗಂಟ ನಿಮ್ ಹುಡುಗ್ರು ಅದನ್ನ ಮುಟ್ಬಾರ್ದು."